ಎರಡು ತೊಟ್ಟಿಲ ರುದ್ರಾಣಿ

ಎಂಟು ವರ್ಷದ ಹುಡುಗಿಯನ್ನು ತೊಟ್ಟಿಲಿಗೆ ಹಾಕುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಇದೇ ನಲ್ಲೂರಿನಲ್ಲಿ, ನನ್ನ ಪಕ್ಕದ ಮನೆಯ ಗೋಣೆಪ್ಪನವರ ಪಡಸಾಲೆಯಲ್ಲಿ.

ನಾನು ಅಂಜಮ್ಮ. ಶಾಲೆಯ ಎದುರಿಗೆ ನನ್ನ ಅಂಗಡಿ. ಪೆನ್ಸಿಲ್ಲು, ರಬ್ಬರು, ಬಳೆ, ರಿಬ್ಬನ್ನು, ಮಕ್ಕಳಿಗೆ ಬಾಯಾಡಿಸಲು ಚಕ್ಕುಲಿ, ಎಲ್ಲ ಸಿಗುತ್ತದೆ. ನನ್ನ ಬಾಯಿ ಜೋರು ಎಂದು ಊರವರು ಹೇಳುತ್ತಾರೆ. ಹೇಳಲಿ ಬಿಡಿ, ಈ ಕಥೆಗೆ ಮೆತ್ತಗಿನ ಬಾಯಿ ಸಾಲುವುದಿಲ್ಲ.

ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ, ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಕೂಗುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಗು, ಗಲಾಟೆ, ಬೆಲ್ಲ ಹಂಚುವುದು. ಗೋಣೆಪ್ಪನವರ ಮಗಳು ನೇತ್ರಾವತಿಯ ಕೂಸಿಗೂ ಗಂಡನ ಊರು ತ್ಯಾವಣಿಗೆಯಲ್ಲಿ ಹೀಗೇ ಹೆಸರಿಟ್ಟರು. ರುದ್ರಾಣಿ ಎಂದು. ಅದು ಗಂಡ ಶರಣನ ಅಜ್ಜಿಯ ಹೆಸರು. ಶಾಲೆಗೆ ಸೇರಿಸುವಾಗ ರುದ್ರಾಣಿ ಟಿ.ಎಸ್. ಆಯಿತು. ಟಿ ಅಂದರೆ ತ್ಯಾವಣಿಗೆ, ಎಸ್ ಅಂದರೆ ಶರಣ.

ಆಮೇಲೆ ಗಂಡ ಹೆಂಡತಿಗೆ ಹೊಂದಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ, ಅದು ಅವರಿಬ್ಬರ ವಿಷಯ. ಇಬ್ಬರೂ ಒಪ್ಪಿಕೊಂಡೇ ಕೋರ್ಟಿನಲ್ಲಿ ಬೇರೆಯಾದರು. ಮಗು ತಾಯಿಯ ಹತ್ತಿರ ಇರಬೇಕು, ತಂದೆ ಭಾನುವಾರ ಬಂದು ನೋಡಿಕೊಂಡು ಹೋಗಬಹುದು ಎಂದಾಯಿತು. ನೇತ್ರಾವತಿ ತವರಿಗೆ ಬಂದಳು. ರುದ್ರಾಣಿ ನಮ್ಮೂರ ಶಾಲೆಗೆ ಬಂದಳು.

ಗೋಣೆಪ್ಪನವರಿಗೆ ಮಾತ್ರ ಸಮಾಧಾನವಿಲ್ಲ. ಕೂತಲ್ಲಿ ಕೂರುವುದಿಲ್ಲ. ಟೀ ಅಂಗಡಿಗೆ ಹೋಗುತ್ತಾರೆ, ಟೀ ಹೇಳುತ್ತಾರೆ, ಟೀ ಬರುವುದರೊಳಗೆ ಎದ್ದು ಬರುತ್ತಾರೆ. "ನನ್ನ ಮನೇಲಿ ಉಣ್ಣೋ ಮಗು, ನನ್ನ ಮನೇಲಿ ಬೆಳೆಯೋ ಮಗು. ಹೆಸರಿನ ಬಾಲಕ್ಕೆ ಮಾತ್ರ ಆ ಮನೆ ಯಾಕೆ?" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕೊನೆಗೆ ಅವರೇ ಒಂದು ದಾರಿ ಕಂಡುಹಿಡಿದರು. ತೊಟ್ಟಿಲಲ್ಲಿ ಇಟ್ಟ ಹೆಸರನ್ನು ತೊಟ್ಟಿಲಲ್ಲೇ ತೆಗೆಯಬೇಕು. ಇನ್ನೊಂದು ಸಲ ತೊಟ್ಟಿಲು ಕಟ್ಟಿ ಬೇರೆ ಹೆಸರು ಕೂಗಿದರೆ ಹಳೆಯದು ಬಿತ್ತು.

ಹಾಗಾಗಿ ಒಂದು ಬೆಳಿಗ್ಗೆ ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯಿತು. ರುದ್ರಾಣಿಯನ್ನು ಎತ್ತಿ ಅದರೊಳಗೆ ಕೂರಿಸಿದರು. ಹುಡುಗಿ ಮೊಣಕಾಲು ಮಡಚಿ ಗಲ್ಲಕ್ಕೆ ಒತ್ತಿಕೊಂಡರೂ ಪಾದ ಹೊರಗೇ ಇದ್ದವು. ತೊಟ್ಟಿಲು ಕಿರುಗುಟ್ಟುತ್ತಿತ್ತು, ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಸೋದರತ್ತೆಯನ್ನು ಕರೆಯುವ ಹಾಗಿಲ್ಲವಲ್ಲ, ಗೋಣೆಪ್ಪನವರೇ ಬಗ್ಗಿ ಕಿವಿಯಲ್ಲಿ ಕೂಗಿದರು, "ಸುಚಿತ್ರಾ, ಸುಚಿತ್ರಾ." ಮನೆಯ ಹಿರಿಯರ ಬೆನ್ನಿಗೆ ಗುದ್ದುವವರು ಯಾರು? ಯಾರೂ ಮುಂದೆ ಬರಲಿಲ್ಲ. ಹುಡುಗಿ ಎಲ್ಲರ ಮುಖವನ್ನೂ ನೋಡಿದಳು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಗೋಣೆಪ್ಪ ಶಾಲೆಗೆ ಹೋದರು. "ಇವತ್ತಿಂದ ಇವಳು ಸುಚಿತ್ರಾ ಎನ್.ಜಿ. ನಲ್ಲೂರು ಗೋಣೆಪ್ಪ. ಬರ್ಕೊಳ್ರಿ."

"ಹಂಗೆ ಬರೆಯಾಕೆ ಬರಲ್ಲ ಯಜಮಾನ್ರೇ," ಎಂದರು ಹೆಡ್‌ಮಾಸ್ಟರು.

"ಊರ ಹೆಂಗಸ್ರ ಮುಂದೆ ತೊಟ್ಟಿಲಿಗೆ ಹಾಕಿದೀನಿ. ಇನ್ನೇನು ಬೇಕು ನಿಮಗೆ?"

ಅರ್ಜಿ ಬೇಕು, ಪ್ರಮಾಣಪತ್ರ ಬೇಕು, ಮೇಲಿನವರ ಆದೇಶ ಬೇಕು ಎಂದರು ಅವರು. ಗೋಣೆಪ್ಪ ಮಗಳನ್ನು ಕರೆದುಕೊಂಡು ಚನ್ನಗಿರಿ ಬಸ್ ಹತ್ತಿದರು. ಅಲ್ಲಿ ರಸ್ತೆ ಬದಿಯಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನೊಬ್ಬ ಸಿಕ್ಕ. ತಂದೆಯ ಒಪ್ಪಿಗೆ ಇದೆಯಾ ಎಂದು ಕೇಳಿದ. ಇಲ್ಲ ಎಂದರು. "ಹಂಗಾದ್ರೆ ತಂದೆ ಎಲ್ಲಿದಾನೋ ಗೊತ್ತಿಲ್ಲ ಅಂತ ಹಾಕ್ತೀನಿ, ಸಲೀಸಾಗ್ತೈತೆ," ಎಂದ. ಹಾಕಿದ. ನೇತ್ರಾವತಿ ಓದದೆ ಸಹಿ ಮಾಡಿದಳು. ಪ್ರತಿ ಭಾನುವಾರ ಬಾಳೆಹಣ್ಣಿನ ಚೀಲ ಹಿಡಿದು ಬಾಗಿಲಿಗೆ ಬರುವ ಮನುಷ್ಯ ಎಲ್ಲಿದ್ದಾನೋ ಗೊತ್ತಿಲ್ಲವಂತೆ. ಆ ಅರ್ಜಿ, ಪ್ರಮಾಣಪತ್ರ ಎರಡನ್ನೂ ಶಾಲೆಗೆ ಕೊಟ್ಟು ಬಂದರು.

ಆವತ್ತಿನಿಂದ ಹುಡುಗಿ ಬದಲಾದಳು. ಮೊದಲು ನನ್ನ ಅಂಗಡಿಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ಈಗ ಬಂದು ಚಪ್ಪಲಿಯನ್ನು ಕಾಲಿನಿಂದ ಕಳಚುವುದು, ಮತ್ತೆ ತೊಡುವುದು, ಮತ್ತೆ ಕಳಚುವುದು, ಇಷ್ಟೇ. ಹಳೆಯ ಹೆಸರಿಗೆ ಓಗೊಡಬೇಡ ಎಂದು ತಾತ ಹೇಳಿದ್ದರು. ಹೊಸ ಹೆಸರು ಕರೆದರೆ ಅದು ತನ್ನನ್ನೇ ಎಂದು ಅವಳಿಗೆ ಹೊಳೆಯುವುದೇ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೆ ಸುಮ್ಮನೆ ಕೂರುತ್ತಾಳಂತೆ. ಮಿಸ್ಸು ತಲೆಯೆತ್ತಿ ನೋಡಿ, ಕಣ್ಣಾರೆ ಕಂಡು ಹಾಜರಿ ಹಾಕಬೇಕು.

ಒಂದು ದಿನ ಹೊಸ ನೋಟ್‌ಬುಕ್ಕಿನ ಮೇಲೆ ಹೆಸರಿನ ಚೀಟಿ ಅಂಟಿಸಿಕೊಡಿ ಎಂದು ಬಂದಳು. ಅಂಟಿಸಿ, ಪೆನ್ನು ತೆಗೆದು ಕೇಳಿದೆ, "ಏನು ಹೆಸರು ಬರೀಲಿ?"

ಹುಡುಗಿ ಚಪ್ಪಲಿ ಕಳಚಿದಳು.

"ನಿನ್ನ ಹೆಸರು ಏನಮ್ಮ ಈಗ?"

ಅವಳು ರಸ್ತೆಯ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದಳು, "ಯಾರ ಎದುರಿಗೆ, ಆಂಟಿ?"

ಎಂಟು ವರ್ಷದ ಮಗು ತನ್ನ ಹೆಸರು ಹೇಳುವ ಮೊದಲು ಎದುರಿಗೆ ಯಾರಿದ್ದಾರೆ ಎಂದು ನೋಡಬೇಕಾ? ಚೀಟಿಯನ್ನು ಖಾಲಿ ಬಿಟ್ಟೆ.

ಆ ವಾರವೇ ಶರಣನಿಗೆ ಸುದ್ದಿ ಮುಟ್ಟಿತು. ಶಾಲೆ ಬಿಡುವ ಹೊತ್ತಿಗೆ ಬೈಕಿನಲ್ಲಿ ಬಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ. ಮುಖ ಕೆಂಪಾಗಿತ್ತು. ಬೈಕ್ ಆರಿಸಲೂ ಇಲ್ಲ. ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಸ್ವೆಟರ್ ಇಟ್ಟುಕೊಂಡಿದ್ದ. ಅದನ್ನು ನೋಡಿಯೇ ಅವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಯಿತು.

"ಮೊದಲು ಬೈಕ್ ಆರ್ಸಪ್ಪ. ನೀರು ಕುಡಿ."

"ನೀರು ಬೇಡ ಅಕ್ಕ. ನನ್ನ ಮಗಳ್ನ ಕರ್ಕೊಂಡು ಹೋಗಾಕೆ ಬಂದೀನಿ. ನಾನು ಬದುಕಿರುವಾಗ್ಲೇ ಎಲ್ಲಿದಾನೋ ಗೊತ್ತಿಲ್ಲ ಅಂತ ಬರೆಸಿದಾರಂತೆ. ನನ್ನ ಮಗಳು ನನ್ನ ಹೆಸರಿಲ್ದೆ ಬೆಳೀಬೇಕಾ?"

"ಕರ್ಕೊಂಡು ಹೋಗಿ ಏನು ಮಾಡ್ತಿ? ಅವ್ರು ನಾಳೆ ಬಂದು ನಿನ್ನ ಮನೆ ಮುಂದೆ ಕೂಗಾಡ್ತಾರೆ. ಮಗೂನ ಈ ಕೈ ಆ ಕೈ ಎಳೆದಾಡ್ತೀರಿ. ಇರು, ದುರ್ಗಾಂಬಿಕಾಗೆ ಫೋನ್ ಹಾಕ್ತೀನಿ."

ದುರ್ಗಾಂಬಿಕಾ ನಮ್ಮ ಸ್ತ್ರೀಶಕ್ತಿ ಸಂಘದವಳು. ಬಿ.ಎ. ಓದಿದ್ದಾಳೆ. ಚನ್ನಗಿರಿಯ ಕಾನೂನು ಸೇವಾ ಸಮಿತಿಯವರಿಂದ ತರಬೇತಿ ಪಡೆದ ಸ್ವಯಂಸೇವಕಿ. ಊರಲ್ಲೇ ಇದ್ದಳು, ಬೇಗ ಬಂದಳು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಬರುತ್ತಿದ್ದರು. ಶರಣ ಒಂದು ಹೆಜ್ಜೆ ಮುಂದಿಟ್ಟ. ದುರ್ಗಾಂಬಿಕಾ ಅಡ್ಡ ನಿಂತಳು.

"ಮಗು ತಾಯಿ ಹತ್ರ ಇರಬೇಕು ಅಂತ ಕೋರ್ಟು ಹೇಳೈತೆ ಅಣ್ಣ. ಈಗ ಎತ್ಕೊಂಡು ಹೋದ್ರೆ ತಪ್ಪು ನಿನ್ನ ಮೇಲೆ ಬರ್ತೈತೆ. ಹೆಸರಿನ ಜಗಳದಲ್ಲಿ ನ್ಯಾಯ ನಿನ್ನ ಕಡೆ ಐತೆ, ಅದನ್ನ ಕೈಯಾರೆ ಕಳ್ಕೋಬೇಡ."

"ಮತ್ತೆ ಕೈ ಕಟ್ಕೊಂಡು ಕೂರಬೇಕಾ?"

"ಯಾಕೆ ಕೂರ್ತಿ? ಬರೆದು ಕೊಡು. ನಾನು ಈ ಮಗುವಿನ ತಂದೆ, ಇಂಥ ಊರಲ್ಲಿ ಇದೀನಿ, ಹೆಸರು ಬದಲಾಯಿಸಾಕೆ ನನ್ನ ಒಪ್ಪಿಗೆ ಇಲ್ಲ ಅಂತ ಶಾಲೆಗೆ ಒಂದು ಆಕ್ಷೇಪಣೆ ಕೊಡು. ಜನನ ನೋಂದಣಿ ಮಾಡೋ ಆಫೀಸಿಗೂ ಒಂದು ಕೊಡು. ಕೊಟ್ಟಿದ್ದಕ್ಕೆ ಸೀಲು ಹಾಕಿದ ಪ್ರತಿ ಇಸ್ಕೋ. ಅವ್ರು ಅದಕ್ಕೂ ಕೇಳ್ದೆ ಮುಂದೆ ಹೋದ್ರೆ ತಡೆಯಾಕೆ ಕೋರ್ಟು ಐತೆ."

ರುದ್ರಾಣಿ ಗೇಟಿನ ಹತ್ತಿರ ನಿಂತು ಅಪ್ಪನನ್ನು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ಅವನು "ರುದ್ರಿ" ಎಂದು ಕರೆದ. ಓಗೊಡಲಿಲ್ಲ. ಚೀಲದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಾತನ ಮನೆಯ ಕಡೆ ಓಡಿದಳು. ಶರಣ ಸ್ವೆಟರ್ ಹಿಡಿದುಕೊಂಡೇ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತ. ಗಂಡಸು ಅಳುವುದನ್ನು ನೋಡಲು ಆಗದೆ ನಾನು ಚಕ್ಕುಲಿ ಡಬ್ಬಿ ಒರೆಸುತ್ತಾ ನಿಂತೆ.

ಅವನು ಆಕ್ಷೇಪಣೆ ಕೊಟ್ಟ. ಶಾಲೆಯವರು ಅರ್ಜಿ ತಡೆಹಿಡಿದರು. ಗೋಣೆಪ್ಪನವರ ಮನೆಗೆ ಬೆಂಕಿ ಬಿದ್ದ ಹಾಗಾಯಿತು.

ದುರ್ಗಾಂಬಿಕಾ ಆ ಮನೆಗೆ ಹೋಗುವಾಗ ನನ್ನನ್ನೂ ಕರೆದಳು. ಪಡಸಾಲೆಯಲ್ಲಿ ತೊಟ್ಟಿಲು ಇನ್ನೂ ನೇತಾಡುತ್ತಿತ್ತು. ಗೋಣೆಪ್ಪ ಕೂರಲಿಲ್ಲ, ಬಾಗಿಲಿನಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ ಓಡಾಡುತ್ತಿದ್ದರು. ನೇತ್ರಾವತಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು.

"ಏನವ್ವ, ನೀನು ನಮ್ಮೂರ ಹೆಣ್ಣುಮಗಳು. ಅವನ ಪರ ಮಾತಾಡಾಕೆ ಬಂದೀಯಾ?"

"ಯಾರ ಪರಾನೂ ಇಲ್ಲ ಗೋಣೆಪ್ಪಣ್ಣ. ಮಗುವಿನ ಪರ ಬಂದೀನಿ."

"ಮಗು ನಮ್ಮ ಹತ್ರ ಇರ್ಲಿ ಅಂತ ಕೋರ್ಟೇ ಹೇಳೈತಲ್ಲ. ಅಂದ್ಮೇಲೆ ಹೆಸರೂ ನಮ್ಮದೇ ಅಲ್ವಾ?"

"ಅಲ್ಲ. ಮಗು ಯಾರ ಹತ್ರ ಇರಬೇಕು ಅನ್ನೋದು ಒಂದು ಮಾತು. ಹೆಸರು ಬೇರೆ ಮಾತು. ತಂದೆ ತಾಯಿ ಬೇರೆಯಾದ್ರೂ ಇಬ್ರೂ ತಂದೆ ತಾಯೀನೇ. ಒಬ್ರಿಗೆ ಗೊತ್ತಿಲ್ದಂಗೆ ಇನ್ನೊಬ್ರು ದಾಖಲೆಯಲ್ಲಿ ಹೆಸರು ಬದಲಾಯಿಸಾಕೆ ಹೋದ್ರೆ ಜಗಳ ಕೋರ್ಟಿಗೇ ಹೋಗ್ತೈತೆ. ಅಲ್ಲಿ ಅಪ್ಪನ ಹಟ, ತಾತನ ಹಟ ನೋಡಲ್ಲ. ಮಗುವಿಗೆ ಯಾವುದು ಒಳ್ಳೇದು ಅಂತ ನೋಡ್ತಾರೆ."

"ಅವನ ಹೆಸರು ತೆಗೆದ್ರೆ ಅವನ ಕಾಟ ತಪ್ತೈತೆ ಅಂತ ನಾನು," ಎಂದರು ಗೋಣೆಪ್ಪ. ದನಿ ಸ್ವಲ್ಪ ಇಳಿದಿತ್ತು.

"ಹೆಸರು ತೆಗೆದ್ರೆ ಅಪ್ಪ ಹೋಗಲ್ಲ. ಮಗೂನ ಸಾಕೋ ಜವಾಬ್ದಾರಿ ಅವನ ಮೇಲೆ ಹಂಗೇ ಇರ್ತೈತೆ. ಮಗುವಿನ ಹಕ್ಕೂ ಹಂಗೇ ಇರ್ತೈತೆ. ಹೋಗೋದು ನಿಮ್ಮ ಮಾತಿನ ಬೆಲೆ." ದುರ್ಗಾಂಬಿಕಾ ನೇತ್ರಾವತಿಯ ಕಡೆ ತಿರುಗಿದಳು. "ತಂದೆ ಎಲ್ಲಿದಾನೋ ಗೊತ್ತಿಲ್ಲ ಅಂತ ಪ್ರಮಾಣ ಮಾಡಿದೀಯಲ್ಲ ನೇತ್ರಾ. ಸುಳ್ಳು ಪ್ರಮಾಣ ಅಪರಾಧ. ನಾಳೆ ಅವನು ಮಗು ನನಗೆ ಬೇಕು ಅಂತ ಕೇಸು ಹಾಕಿ, ಈ ಹೆಂಗಸು ಸುಳ್ಳು ಹೇಳ್ತಾಳೆ ಅಂದ್ರೆ ಏನು ಮಾಡ್ತಿ?"

ನೇತ್ರಾವತಿಯ ಕೈ ನಿಂತಿತು. ಮಗು ಕೈಬಿಟ್ಟು ಹೋಗಬಹುದು ಎಂಬ ಮಾತು ಅವಳ ತಲೆಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ.

"ಓದಲಿಲ್ಲ ಅಕ್ಕ," ಎಂದಳು. ಆಮೇಲೆ ಒಮ್ಮೆಲೇ ದನಿ ಏರಿತು. "ನನಗೂ ಹೊಟ್ಟೆ ಉರೀತೈತೆ. ಈ ಮಗು ಹೊಟ್ಟೇಲಿದ್ದಾಗ್ಲೇ ಸುಚಿತ್ರಾ ಅಂತ ಹೆಸರು ಇಟ್ಕೊಂಡಿದ್ದೆ. ಒಬ್ಳೇ ಇದ್ದಾಗ ಹಂಗೇ ಕರೀತಿದ್ದೆ. ನಾಮಕರಣದ ದಿನ ಅವರಕ್ಕ ಬಂದು ರುದ್ರಾಣಿ ಅಂತ ಕೂಗಿದ್ರು, ಮುಗೀತು. ಹೆತ್ತೋಳ್ನ ಒಂದು ಮಾತು ಕೇಳಲಿಲ್ಲ. ಯಾರೂ ಕೇಳಲಿಲ್ಲ."

ಓಡಾಡುತ್ತಿದ್ದ ಗೋಣೆಪ್ಪ ನಿಂತುಬಿಟ್ಟರು. ಈ ಮಾತು ಅವರಿಗೂ ಹೊಸದು.

ನನಗೆ ತಡೆಯಲಾಗಲಿಲ್ಲ. "ನಿನ್ನ ಸಂಕಟ ನಿಜ ಕಣೇ ನೇತ್ರಾ. ನಿನ್ನ ಮಾತು ಕೇಳದೆ ಹೆಸರಿಟ್ಟಿದ್ದು ಅನ್ಯಾಯಾನೇ. ಆದ್ರೆ ಆ ಹುಡುಗೀನ ತೊಟ್ಟಿಲಲ್ಲಿ ಮಡಚಿ ಕೂರ್ಸಿದ್ರಲ್ಲ, ಅವಳ್ನ ಯಾರು ಕೇಳಿದ್ರು? ಮೊನ್ನೆ ನಿನ್ನ ಹೆಸರೇನಮ್ಮ ಅಂದ್ರೆ, ಯಾರ ಎದುರಿಗೆ ಅಂತ ಕೇಳ್ತಾಳೆ. ನಿನಗೆ ಗೊತ್ತೈತಾ?"

ನೇತ್ರಾವತಿ ನನ್ನನ್ನು ನೋಡಿದಳು. ನನ್ನ ಮೇಲೆ ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಮಗುವನ್ನು ತಬ್ಬಿಕೊಂಡು ಅಳುವುದು ನಮಗೆ ಕೇಳಿಸಿತು.

"ಹಂಗಾದ್ರೆ ಹೆಸರು ಬದಲಾಯಿಸಾಕೆ ಆಗೋದೇ ಇಲ್ವಾ?" ಎಂದು ಗೋಣೆಪ್ಪ ಕೇಳಿದರು. ಈಗ ಕೂತಿದ್ದರು.

"ಆಗ್ತೈತೆ ಅಣ್ಣ. ಕೇಳೋ ಹಕ್ಕು ನೇತ್ರಾಗೆ ಐತೆ. ಮುಚ್ಚಿಟ್ಟು ಮಾಡೋ ಹಕ್ಕು ಇಲ್ಲ. ಇಬ್ರೂ ಕೂತು ಮಾತಾಡಿ ಒಪ್ಪಿದ್ರೆ ಸುಲಭ. ಒಪ್ಪದಿದ್ರೆ ಕೋರ್ಟಿನ ಮುಂದೆ ಕಾರಣ ಹೇಳಬೇಕು. ಮೊದ್ಲು ಆ ಅರ್ಜಿ ವಾಪಸ್ ತಗೊಳ್ರಿ, ನಿಜ ಒಪ್ಕೊಳ್ರಿ. ಹೆಂಗಸ್ರಿಗೆ, ಮಕ್ಕಳಿಗೆ ಸರ್ಕಾರದ ವಕೀಲರು ಪುಕ್ಕಟೆ ಸಿಗ್ತಾರೆ. ರಸ್ತೆ ಬದಿಯೋನ ಹತ್ರ ಯಾಕೆ ಹೋಗ್ತೀರಿ?"

ದುರ್ಗಾಂಬಿಕಾ ಎರಡೂ ಕಡೆಯವರನ್ನು ಒಪ್ಪಿಸಿದಳು, ಮುಂದಿನ ವಾರ ಎಲ್ಲರೂ ಚನ್ನಗಿರಿಗೆ ಹೋದೆವು. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ, ಬಿಡುತ್ತೇನೆಯೇ? ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ. ಒಂದು ಬೆಂಚಿನ ಮೇಲೆ ನಾವು. ಎದುರಿನ ಬೆಂಚಿನ ಮೇಲೆ ಶರಣ, ಅವನ ಪಕ್ಕ ಅವನ ಅಕ್ಕ, ಮೊದಲ ತೊಟ್ಟಿಲಲ್ಲಿ ಹೆಸರು ಕೂಗಿದವಳು. ರುದ್ರಾಣಿ ಎರಡು ಬೆಂಚಿನ ನಡುವೆ ನಿಂತಿದ್ದಳು. ಯಾವ ಕಡೆ ಕೂರಬೇಕೆಂದು ತಿಳಿಯದೆ ಚಪ್ಪಲಿ ಕಳಚುತ್ತಿದ್ದಳು, ತೊಡುತ್ತಿದ್ದಳು.

ಒಳಗೆ ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರು ಇಬ್ಬರ ಮಾತನ್ನೂ ಕೇಳಿದರು. ನೇತ್ರಾವತಿ ತಲೆ ತಗ್ಗಿಸಿ ಅರ್ಜಿಯಲ್ಲಿ ಬರೆಸಿದ್ದು ಸುಳ್ಳು ಎಂದು ಒಪ್ಪಿಕೊಂಡಳು. ಹೆಸರಿಡುವಾಗ ಹೆತ್ತವಳನ್ನು ಕೇಳಿದ್ದಿರಾ ಎಂದು ಅವರು ಶರಣನನ್ನು ಕೇಳಿದರು. ಅವನು ಅಕ್ಕನ ಮುಖ ನೋಡಿದ, ಅಕ್ಕ ನೆಲ ನೋಡಿದಳು. "ಕೇಳಲಿಲ್ಲ ಸಾರ್, ಕೇಳಬೇಕಿತ್ತು," ಎಂದ. ಆಮೇಲೆ ಎಲ್ಲರೂ ಹೊರಗೆ ಹೋಗಿ, ಮಗು ಒಬ್ಬಳೇ ಇರಲಿ ಎಂದರು.

ಬಾಗಿಲು ಮುಚ್ಚಿತು. ಗೋಣೆಪ್ಪ ಬೇವಿನ ಮರದವರೆಗೆ ಹೋಗಿ ಬಂದರು, ಮತ್ತೆ ಹೋದರು. ಶರಣ ಬೆಂಚಿನಿಂದ ಎದ್ದ, ಕೂತ. ನೇತ್ರಾವತಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆಯಿತು. ಮಗು ಏನು ಹೇಳುತ್ತದೋ, ಯಾರನ್ನು ಬೇಡ ಎನ್ನುತ್ತದೋ. ಇಬ್ಬರಿಗೂ ಒಂದೇ ಹೆದರಿಕೆ.

ಸ್ವಲ್ಪ ಹೊತ್ತಿಗೆ ನಮ್ಮನ್ನೆಲ್ಲ ಒಳಗೆ ಕರೆದರು. "ನೀನೇ ಹೇಳಮ್ಮ, ನನಗೆ ಹೇಳಿದ್ದನ್ನು," ಎಂದರು ನ್ಯಾಯಾಧೀಶರು.

ಹುಡುಗಿ ಗೋಡೆ ನೋಡಿಕೊಂಡು ಹೇಳಿದಳು, "ಶಾಲೇಲಿ ರುದ್ರಾಣಿ ಅಂತಾನೇ ಇರ್ಲಿ. ನನ್ನ ಫ್ರೆಂಡ್ಸಿಗೆಲ್ಲ ಅದೇ ಗೊತ್ತು. ಅಮ್ಮ ಮಲಗಿಸುವಾಗ ಸುಚಿ ಅನ್ಲಿ. ಅದೂ ನನಗೆ ಇಷ್ಟ." ಆಮೇಲೆ ತಾತನ ಕಡೆ ತಿರುಗಿ ಹೇಳಿದಳು, "ತೊಟ್ಟಿಲಲ್ಲಿ ಮಾತ್ರ ಕೂರ್ಸಬೇಡ್ರಿ. ಮಂಡಿ ನೋಯ್ತೈತೆ."

ಶರಣ ಅಳುತ್ತಲೇ ನಕ್ಕ. ಗೋಣೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಹೆಸರು ಇದ್ದ ಹಾಗೇ ಇರಲಿ, ಮುಂದೆ ಯಾರೇ ಬದಲಾಯಿಸಬೇಕೆಂದರೂ ಇನ್ನೊಬ್ಬರಿಗೆ ತಿಳಿಸಿ, ಮಗುವನ್ನೂ ಕೇಳಿಯೇ ಮಾಡಬೇಕು ಎಂದು ಇಬ್ಬರೂ ಒಪ್ಪಿ ಸಹಿ ಹಾಕಿದರು. ಈ ಸಲ ನೇತ್ರಾವತಿ ಕೂತು, ಬೆರಳಿಟ್ಟು, ಪೂರ್ತಿ ಓದಿದಳು. ಗೋಣೆಪ್ಪನವರ ಗೊಣಗಾಟ ಬಸ್ಸಿನಲ್ಲೂ ನಡೆದಿತ್ತು. ಆ ಇನಿಷಿಯಲ್ ಕೇಳಿದರೆ ಇವತ್ತಿಗೂ ಅವರಿಗೆ ಮೈ ಉರಿಯುತ್ತದೆ. ಆದರೆ ಊರಿಗೆ ಬಂದ ಕೂಡಲೇ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದರು, ಅದನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕೂತಿದ್ದೆ. ಎದುರಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಶುರುವಾಯಿತು. ನೇತ್ರಾವತಿ ನೀರಿನ ಕೊಡ ಹಿಡಿದುಕೊಂಡು ನನ್ನ ಅಂಗಡಿ ಮುಂದೆ ಬಂದು ನಿಂತಳು. ನಲ್ಲಿ ಆ ಕಡೆ ಇದೆ, ಇಲ್ಲಿ ಅವಳಿಗೇನು ಕೆಲಸ? ನಾನು ಕೇಳಲಿಲ್ಲ. ಇಬ್ಬರೂ ಕಿವಿ ಕೊಟ್ಟು ನಿಂತೆವು. ಮಿಸ್ಸು ಒಂದೊಂದೇ ಹೆಸರು ಕೂಗುತ್ತಿದ್ದರು.

"ರುದ್ರಾಣಿ ಟಿ.ಎಸ್."

"ಹಾಜರ್ ಮಿಸ್."

ರಸ್ತೆಯ ಈ ಕಡೆಗೂ ಕೇಳುವಷ್ಟು ಜೋರಾಗಿತ್ತು. ನೇತ್ರಾವತಿ ಕೊಡ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಶಾಲೆ ಬಿಟ್ಟ ಮೇಲೆ ಹುಡುಗಿ ಆ ಖಾಲಿ ಚೀಟಿಯ ನೋಟ್‌ಬುಕ್ ತಂದಳು. ನಾನು ಪೆನ್ನು ತೆಗೆದೆ. "ಕೊಡ್ರಿ ಆಂಟಿ, ನಾನೇ ಬರ್ಕೋತೀನಿ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ, ನಿಮ್ಮ ಓಣಿಯಲ್ಲೂ ಹೀಗೆ ಬೇರೆಯಾದ ಗಂಡ ಹೆಂಡತಿ ಇರಬಹುದು. ಬೇರೆಯಾದದ್ದು ನೀವು, ಮಗು ಅಲ್ಲ. ಒಬ್ಬರಿಗೆ ತಿಳಿಸದೆ ಒಬ್ಬರು ಮಗುವಿನ ಹೆಸರು ಬದಲಾಯಿಸಲು ಹೋಗಬೇಡಿ. ಎದುರಿನವರು ಹಾಗೆ ಮಾಡಿದ್ದು ಗೊತ್ತಾದರೆ ಶಾಲೆಯ ಗೇಟಿನಲ್ಲಿ ಜಗಳ ಬೇಡ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ, ಪ್ರತಿ ಇಟ್ಟುಕೊಳ್ಳಿ. ಓದದ ಕಾಗದಕ್ಕೆ ಸಹಿ ಮಾಡಬೇಡಿ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರ ಸಹಾಯ ಉಚಿತ.

ಇವತ್ತು ಸಂಜೆ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಹೆಸರೇನು ಎಂದು ಕೇಳಿ ನೋಡಿ. ಹೇಳುವ ಮೊದಲು ಅದು ನಿಮ್ಮ ಮುಖ ನೋಡಿದರೆ, ನಾಳೆಯೇ ಸಮಿತಿಗೆ ಹೋಗಿ.